ಅರೇಯ ವೇಷ ಹಾಕಿದ ವಸ್ತು ಕೈಕೊಟ್ಟಾಗ: ಕ್ವಿಕ್‌ಜೆಎಸ್ ಬಳಸುವವರಿಗೊಂದು ದೋಷ ನಿವಾರಣೆ ಕೈಪಿಡಿ

ನನ್ನ ಜಾವಾಸ್ಕ್ರಿಪ್ಟಿನಲ್ಲಿ ‘ಅಳತೆ’ ಎಂಬ ವಸ್ತುವೊಂದಿದೆ, ನೋಡಲು ಅರೇಯಂತೆ, ಅಂದರೆ ಇಂಡೆಕ್ಸ್ ಹಾಕಿ ಓದುವ ಪಟ್ಟಿಯಂತೆ. ಅಳತೆ[0] ಎಂದು ಕೇಳಿದರೆ ಸಂಖ್ಯೆ ಬರುತ್ತದೆ. ಅಳತೆ.ಲೆಂತ್ ಎಂದರೆ 3 ಎನ್ನುತ್ತದೆ. ಜಾಯಿನ್ ಕರೆದರೆ 10, 20, 30 ಸಾಲಾಗಿ ಬಂದು ನಿಲ್ಲುತ್ತವೆ. ಫಾರ್‌ಈಚ್ ಕರೆದರೆ ಮಾತ್ರ ಏನೂ ಆಗುವುದಿಲ್ಲ. ದೋಷದ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಒಳಗೆ ಕೊಟ್ಟ ಫಂಕ್ಷನ್ ಒಂದು ಸಲವೂ ಓಡುವುದಿಲ್ಲ. ಈ ಮೌನದ ಮುಂದೆ ನಾನು ಎರಡು ಸಂಜೆ ಕಳೆದಿದ್ದೇನೆ. ಮತ್ತೊಬ್ಬರು ಕಳೆಯದಿರಲಿ ಎಂದು ಬರೆಯುತ್ತಿದ್ದೇನೆ.

ಕೆಲಸ ಸರಳವಾಗಿತ್ತು. ನೀರಿನ ಟ್ಯಾಂಕಿನ ಮಟ್ಟ ಅಳೆಯುವ ಒಂದು ಪೆಟ್ಟಿಗೆ. ಅದರೊಳಗೆ ಸಿ ಭಾಷೆಯ ಪ್ರೋಗ್ರಾಂ, 512 ಅಳತೆಗಳನ್ನು ಹಿಡಿಯುವ ಸುತ್ತು ಬಫರ್. ಬಫರ್ ತುಂಬಿದ ಮೇಲೆ ಹೊಸ ಅಳತೆ ಬಂದಾಗಲೆಲ್ಲ ಹಳೆಯದೊಂದು ಉದುರುತ್ತದೆ. ಪಂಪು ಯಾವಾಗ ನಿಲ್ಲಬೇಕು ಎಂಬ ನಿಯಮಗಳನ್ನು ಫರ್ಮ್‌ವೇರ್ ಮುಟ್ಟದೆ ಬದಲಿಸಲು ಅನುಕೂಲವಾಗಲಿ ಎಂದು ಕ್ವಿಕ್‌ಜೆಎಸ್ ಎಂಜಿನ್ ಸೇರಿಸಿದ್ದೆ. ಫ್ಯಾಬ್ರಿಸ್ ಬೆಲ್ಲಾರ್ ಮತ್ತು ಚಾರ್ಲಿ ಗೋರ್ಡನ್ 2019ರಲ್ಲಿ ಹೊರತಂದ ಪುಟ್ಟ ಜಾವಾಸ್ಕ್ರಿಪ್ಟ್ ಎಂಜಿನ್ ಅದು. ನಿಯಮ ಬರೆಯುವವರಿಗೆ ಫಿಲ್ಟರ್, ಮ್ಯಾಪ್ ಎಲ್ಲ ಬೇಕು. ಪ್ರತಿ ಸಲ 512 ಸಂಖ್ಯೆಗಳನ್ನು ಹೊಸ ಅರೇಗೆ ನಕಲಿಸಲು ಮನಸ್ಸು ಬರಲಿಲ್ಲ. ಹಾಗಾಗಿ ಬಫರನ್ನೇ ಅರೇಯ ವೇಷದಲ್ಲಿ ಸ್ಕ್ರಿಪ್ಟಿಗೆ ತೋರಿಸಿ, ಅದರ ಪ್ರೊಟೊಟೈಪ್ ಸರಪಳಿಯಲ್ಲಿ (ವಸ್ತುವಿನಲ್ಲಿ ಸಿಗದ ಹೆಸರನ್ನು ಎಂಜಿನ್ ಒಂದಾದ ಮೇಲೊಂದರಲ್ಲಿ ಹುಡುಕುವ ತಾಯಿ ವಸ್ತುಗಳ ಸಾಲು) ಅರೇ ಪ್ರೊಟೊಟೈಪನ್ನು ಇಟ್ಟುಬಿಟ್ಟರೆ ಮೆಥಡ್‌ಗಳು ತಾವಾಗಿ ದಕ್ಕುತ್ತವೆ ಎಂದುಕೊಂಡೆ. ಆಲೋಚನೆ ತಪ್ಪಲ್ಲ. ಕೊಕ್ಕೆಗಳನ್ನು, ಅಂದರೆ ಎಂಜಿನ್ ತನ್ನ ಕೆಲಸದ ನಡುವೆ ಕರೆಯುವ ನಮ್ಮ ಸಿ ಫಂಕ್ಷನ್ನುಗಳನ್ನು, ಹಾಕಿದ ಜಾಗ ತಪ್ಪಿತ್ತು.

(ಇಲ್ಲಿ ‘ಅಳತೆ’ ಎಂಬ ಹೆಸರು ಬರಿಯ ಬರಹದ ಅನುಕೂಲಕ್ಕಲ್ಲ. ಜಾವಾಸ್ಕ್ರಿಪ್ಟ್ ಚರಗಳಿಗೆ ಕನ್ನಡ ಅಕ್ಷರದ ಹೆಸರು ಸಲ್ಲುತ್ತದೆ. ನನ್ನ ಪರೀಕ್ಷೆಯ ಸ್ಕ್ರಿಪ್ಟಿನಲ್ಲೂ ಅದೇ ಹೆಸರಿದೆ.)

ಎಂಜಿನ್ ಏನು ಕೇಳುತ್ತದೆ

ಅರೇ ಪ್ರೊಟೊಟೈಪಿನ ಮೆಥಡ್‌ಗಳು ತಮ್ಮನ್ನು ಕರೆದ ವಸ್ತು ನಿಜವಾದ ಅರೇಯೇ ಎಂದು ವಿಚಾರಿಸುವುದಿಲ್ಲ. ಭಾಷೆಯ ನಿರ್ದಿಷ್ಟತೆಯಲ್ಲೇ ಅವು ಹಾಗೆ ಬರೆಯಲ್ಪಟ್ಟಿವೆ. ಅವು ಕೇಳುವುದು ಮೂರೇ ಪ್ರಶ್ನೆ: ಎಷ್ಟಿವೆ? ಈ ಇಂಡೆಕ್ಸಿನಲ್ಲಿ ಏನಾದರೂ ಇದೆಯೇ? ಇದ್ದರೆ ಕೊಡು. ಮೊದಲನೆಯದು ಲೆಂತ್, ಎರಡನೆಯದು ‘ಇನ್’ ಎಂಬ ಆಪರೇಟರ್ ಮಾಡುವಂಥ ತಪಾಸಣೆ, ಮೂರನೆಯದು ಸಾಮಾನ್ಯ ಓದು.

ಎಲ್ಲ ಮೆಥಡ್‌ಗಳೂ ಮೂರನ್ನೂ ಕೇಳುವುದಿಲ್ಲ ಎಂಬುದೇ ಪತ್ತೇದಾರಿಕೆಗೆ ಸಿಕ್ಕುವ ಎಳೆ. ಜಾಯಿನ್, ಇನ್‌ಕ್ಲೂಡ್ಸ್ ಮತ್ತು ಫಾರ್-ಆಫ್ ಕುಣಿಕೆ ಎರಡನೆಯ ಪ್ರಶ್ನೆಯನ್ನು ಬಿಟ್ಟು ನೇರವಾಗಿ ‘ಕೊಡು’ ಎನ್ನುತ್ತವೆ. ಫಾರ್‌ಈಚ್, ಮ್ಯಾಪ್, ಫಿಲ್ಟರ್, ಸ್ಲೈಸ್, ಇಂಡೆಕ್ಸ್‌ಆಫ್ ಮೊದಲು ‘ಇದೆಯೇ’ ಎಂದು ಕೇಳಿ, ಇಲ್ಲ ಎಂಬ ಉತ್ತರ ಬಂದರೆ ಆ ಜಾಗವನ್ನು ದಾಟಿ ಮುಂದೆ ಹೋಗುತ್ತವೆ. ತೂತುಗಳಿರುವ ಅರೇಗಳಿಗಾಗಿ ಮಾಡಿದ ಏರ್ಪಾಟು ಅದು. ನಮ್ಮ ವಸ್ತು ‘ಇದೆಯೇ’ ಎಂಬುದಕ್ಕೆ ಉತ್ತರಿಸಲು ಕಲಿತಿಲ್ಲವಾದರೆ ಅದು ಪೂರ್ತಿ ತೂತುಗಳ ಅರೇ. ಫಾರ್‌ಈಚ್ ಎಲ್ಲವನ್ನೂ ದಾಟಿ ಸುಮ್ಮನೆ ಮನೆಗೆ ಹೋಗುತ್ತದೆ.

ಆದ್ದರಿಂದ ಪತ್ತೆಗೆ ಕೂರುವಾಗ ನಿಜವಾದ ಬಫರ್ ಬೇಡ. 10, 20, 30 ಎಂಬ ಮೂರು ಸಂಖ್ಯೆಗಳನ್ನು ತುಂಬಿದ ಒಂದು ವಸ್ತು ಸಾಕು. ಅದರ ಮೇಲೆ ಈ ಕ್ರಮದಲ್ಲಿ ಕೇಳಿ: ಟೈಪ್‌ಆಫ್ ಅಳತೆ.ಪುಶ್, ಅಳತೆ.ಲೆಂತ್, ಅಳತೆ[1], 1 ಇನ್ ಅಳತೆ, ಜಾಯಿನ್, ಫಾರ್‌ಈಚ್. ಆರು ಉತ್ತರಗಳನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಕ್ರಮ ಮುಖ್ಯ, ಏಕೆಂದರೆ ಮೊದಲನೆಯದು ತಪ್ಪಿದ್ದರೆ ಕೊನೆಯದರ ಉತ್ತರಕ್ಕೆ ಅರ್ಥವಿಲ್ಲ.

ಪುಶ್ ಫಂಕ್ಷನ್ ಅಲ್ಲ ಎಂಬ ದೂರು

ನನಗೆ ಮೊದಲು ಬಂದ ದೋಷ ಇದು. ಕ್ವಿಕ್‌ಜೆಎಸ್‌ನಲ್ಲಿ ಹೊಸ ಕ್ಲಾಸ್ ಮಾಡುವಾಗ ವಿಶೇಷ ನಡವಳಿಕೆಗೆಂದು ಹಲವು ಕೊಕ್ಕೆಗಳನ್ನು ಕೊಟ್ಟಿರುತ್ತಾರೆ. ಅವುಗಳಲ್ಲಿ ‘ಗೆಟ್ ಪ್ರಾಪರ್ಟಿ’ ಎಂಬುದೊಂದಿದೆ. ಹೆಸರು ನೋಡಿದರೆ ಇದೇ ಬೇಕಾದದ್ದು ಅನ್ನಿಸುತ್ತದೆ. ನಾನೂ ಅದನ್ನೇ ಬರೆದೆ.

ಆ ಕೊಕ್ಕೆ ಹಾಕಿದ ಕ್ಷಣದಿಂದ ಓದಿನ ಪೂರ್ತಿ ಜವಾಬ್ದಾರಿ ನಮ್ಮದು. ಎಂಜಿನ್ ಕೊಕ್ಕೆಯನ್ನು ಕರೆಯುತ್ತದೆ, ಅದು ಕೊಟ್ಟ ಉತ್ತರವನ್ನೇ ಅಂತಿಮವೆಂದು ಹಿಂದಿರುಗಿಸುತ್ತದೆ, ಪ್ರೊಟೊಟೈಪ್ ಸರಪಳಿಯನ್ನು ಹತ್ತುವುದೇ ಇಲ್ಲ. ಮೇಲೆ ಅರೇ ಪ್ರೊಟೊಟೈಪ್ ಕುಳಿತಿದ್ದರೂ ಅಲ್ಲಿಗೆ ಹೋಗಿ ಕೇಳುವವರಿಲ್ಲ.

ಇಲ್ಲಿ ಟೈಪ್‌ಆಫ್ ಕೊಡುವ ಉತ್ತರವನ್ನು ಗಮನವಿಟ್ಟು ನೋಡಿ. ‘ಅನ್‌ಡಿಫೈನ್ಡ್’ ಎಂದರೆ ಕೊಕ್ಕೆ ಹೆಸರನ್ನು ನುಂಗಿದೆ, ಅಥವಾ ಪ್ರೊಟೊಟೈಪ್ ಜೋಡಣೆಯೇ ಆಗಿಲ್ಲ. ನನ್ನಲ್ಲಿ ಬಂದದ್ದು ‘ನಂಬರ್’! ಪುಶ್ ಎಂಬುದು ಸಂಖ್ಯೆ ಹೇಗಾಯಿತು? ಕೊಕ್ಕೆಗೆ ಪ್ರಾಪರ್ಟಿಯ ಹೆಸರು ಆಟಮ್ ರೂಪದಲ್ಲಿ (ಎಂಜಿನ್ ಒಳಗೆ ಹೆಸರನ್ನು ಗುರುತಿಸುವ ಸಂಖ್ಯೆ) ಬರುತ್ತದೆ. ಅದನ್ನು ಸಿ ಸ್ಟ್ರಿಂಗ್ ಮಾಡಿಕೊಂಡು ಎಟಿಒಐ ಎಂಬ ಹಳೆಯ ಫಂಕ್ಷನ್ನಿಗೆ ಕೊಟ್ಟಿದ್ದೆ. ಅಂಕಿಯಿಂದ ಶುರುವಾಗದ ಯಾವ ಪದ ಕೊಟ್ಟರೂ ಅದು ಸೊನ್ನೆ ಎನ್ನುತ್ತದೆ. ಹಾಗಾಗಿ ಅಳತೆ.ಪುಶ್ ಎಂದರೆ ಅಳತೆ[0], ಅಂದರೆ 10. ಅಳತೆ.ಪುಶ್(40) ಎಂದು ಬರೆದಾಗ ಎಂಜಿನ್ 10 ಎಂಬ ಸಂಖ್ಯೆಯನ್ನು ಫಂಕ್ಷನ್ನಿನಂತೆ ಕರೆಯಲು ಹೋಗಿ ಟೈಪ್ ಎರರ್ ಎಸೆಯುತ್ತಿತ್ತು. ಪಾಪ, ಅದರ ತಪ್ಪೇನಿಲ್ಲ.

ಇಂಡೆಕ್ಸ್ ಹೌದೋ ಅಲ್ಲವೋ ಎಂಬುದನ್ನು ಕಟ್ಟುನಿಟ್ಟಾಗಿ ನೋಡಬೇಕು. ಎಲ್ಲ ಅಕ್ಷರಗಳೂ ಅಂಕಿಯಾಗಿರಬೇಕು. ‘0’ ಒಂದನ್ನು ಬಿಟ್ಟು ಉಳಿದವು ಸೊನ್ನೆಯಿಂದ ಶುರುವಾಗಕೂಡದು. ‘007’ ಇಂಡೆಕ್ಸ್ ಅಲ್ಲ, ‘1.5’ ಅಲ್ಲ, ‘-1’ ಅಲ್ಲ. ಇವೆಲ್ಲ ಸಾಮಾನ್ಯ ಹೆಸರುಗಳು, ಸರಪಳಿಗೆ ಹೋಗಬೇಕಾದವು.

ನನ್ನ ತಪ್ಪು ಮದ್ದು

ಇಷ್ಟಾದ ಮೇಲೆ ನಾನು ಮಾಡಿದ್ದು ಹುತ್ತ ಬಡಿಯುವ ಕೆಲಸ. ಇಂಡೆಕ್ಸ್ ಅಲ್ಲದ ಹೆಸರು ಬಂದರೆ ಕೊಕ್ಕೆಯೊಳಗಿಂದಲೇ ಪ್ರೊಟೊಟೈಪನ್ನು ಹಿಡಿದು ಅಲ್ಲಿ ಹುಡುಕುವ ನಾಲ್ಕು ಸಾಲು ಸೇರಿಸಿದೆ. ಲೆಂತ್ ಬಂದರೆ ಬಫರಿನ ಎಣಿಕೆಯನ್ನು ಅಲ್ಲೇ ಕೊಟ್ಟೆ. ಪುಶ್ ಈಗ ಫಂಕ್ಷನ್ ಆಯಿತು, ಜಾಯಿನ್ ಹಾಡಿತು. ಫಾರ್‌ಈಚ್ ಮೌನ ತಾಳಿತು.

ಕಾರಣ ಈಗ ನಿಮಗೆ ಗೊತ್ತು. ‘ಕೊಡು’ ಎಂಬುದಕ್ಕೆ ಉತ್ತರವಿತ್ತು, ‘ಇದೆಯೇ’ ಎಂಬುದಕ್ಕೆ ಇರಲಿಲ್ಲ. ಕಾಗದದ ಮೇಲಿನ ಪಟ್ಟಿಯಲ್ಲಿ ಅದು ಹೀಗೆ ಕಾಣುತ್ತದೆ: ಅಳತೆ[1] ಎಂದರೆ 20, 1 ಇನ್ ಅಳತೆ ಎಂದರೆ ಫಾಲ್ಸ್. ಈ ಎರಡು ಉತ್ತರಗಳು ಒಂದಕ್ಕೊಂದು ಜಗಳವಾಡುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ.

‘ಹ್ಯಾಸ್ ಪ್ರಾಪರ್ಟಿ’ ಎಂಬ ಕೊಕ್ಕೆಯೂ ಇದೆ. ಅದನ್ನೊಂದು ಸೇರಿಸಿ ಸುಮ್ಮನಾಗಬಹುದಿತ್ತು. ಆದರೆ ಕ್ವಿಕ್‌ಜೆಎಸ್‌ನ ಹೆಡರ್ ಫೈಲಿನಲ್ಲಿ ಆ ಕೊಕ್ಕೆಗಳ ಪಟ್ಟಿಯ ನಡುವೆ ಒಂದು ಟಿಪ್ಪಣಿಯಿದೆ. ಹ್ಯಾಸ್, ಗೆಟ್, ಸೆಟ್ ಈ ಮೂರನ್ನು ಮೇಲಿನ ಕೊಕ್ಕೆಗಳಿಂದಲೇ ಅನುಕರಿಸಬಹುದು, ಸಾಮಾನ್ಯವಾಗಿ ಇವು ಬೇಕಾಗುವುದಿಲ್ಲ ಎಂಬುದು ಅದರ ಸಾರ. ಮೊದಲ ದಿನವೇ ಆ ಸಾಲನ್ನು ಓದಿದ್ದರೆ ಈ ಬರಹದ ಅರ್ಧ ಭಾಗ ಇರುತ್ತಿರಲಿಲ್ಲ. ಬರೆಯಬೇಕಾದದ್ದು ‘ಗೆಟ್ ಓನ್ ಪ್ರಾಪರ್ಟಿ’: ಈ ಹೆಸರು ವಸ್ತುವಿನ ಸ್ವಂತ ಆಸ್ತಿಯೇ, ಹೌದಾದರೆ ಅದರ ಡಿಸ್ಕ್ರಿಪ್ಟರ್ (ಬೆಲೆ ಮತ್ತು ಗುಣಗಳ ವಿವರ) ಏನು ಎಂದು ಹೇಳುವ ಕೊಕ್ಕೆ. ಇದ್ದರೆ 1, ಇಲ್ಲದಿದ್ದರೆ 0, ಎಡವಟ್ಟಾದರೆ ಸೊನ್ನೆಗಿಂತ ಕಡಿಮೆ. 0 ಎಂದರೆ ಎಂಜಿನ್ ತಾನೇ ಸರಪಳಿ ಹತ್ತುತ್ತದೆ. ಓದಿಗೂ ತಪಾಸಣೆಗೂ ಈ ಒಂದೇ ಕೊಕ್ಕೆ ಸಾಕು.

ಗೆಟ್ ಪ್ರಾಪರ್ಟಿಯನ್ನು ಪೂರ್ತಿ ಕಿತ್ತು ಇದನ್ನು ಹಾಕಿದೆ. ಫಾರ್‌ಈಚ್ ಆಗಲೂ ಮೌನ.

ಅದೇ ಮೌನ, ಬೇರೆ ಕಾರಣ

ಈ ಸಲ ಜಾಯಿನ್ ಕೂಡ ಖಾಲಿ ಸ್ಟ್ರಿಂಗ್ ಕೊಟ್ಟಿತು. ಹಾಗಾದರೆ ತಕರಾರು ಎರಡನೆಯ ಪ್ರಶ್ನೆಯದಲ್ಲ, ಮೊದಲನೆಯದು. ಅಳತೆ.ಲೆಂತ್ ಕೇಳಿದರೆ 0.

ಅನ್‌ಡಿಫೈನ್ಡ್ ಅಲ್ಲ, 0. ಇದು ಮೋಸದ ಸೊನ್ನೆ. ಹಳೆಯ ಕೊಕ್ಕೆಯ ಜೊತೆಗೆ ಲೆಂತ್ ಕೊಡುತ್ತಿದ್ದ ಸಾಲೂ ಹೋಗಿತ್ತು. ಎಂಜಿನ್ ಸರಪಳಿ ಹತ್ತಿ ಅರೇ ಪ್ರೊಟೊಟೈಪಿಗೆ ಬಂತು. ಆ ಪ್ರೊಟೊಟೈಪ್ ತಾನೇ ಒಂದು ಅರೇ; ಅದಕ್ಕೂ ತನ್ನದೇ ಲೆಂತ್ ಇದೆ, ಅದರ ಬೆಲೆ ಸೊನ್ನೆ. ಪ್ರೊಟೊಟೈಪಿನ ಲೆಂತ್ ನಮ್ಮ ವಸ್ತುವಿನ ಲೆಂತ್ ಎಂಬಂತೆ ಸಿಕ್ಕಿತು. ಎಲ್ಲ ಮೆಥಡ್‌ಗಳಿಗೂ ನಮ್ಮದು ಖಾಲಿ ಅರೇ.

ಎಂಜಿನ್ ಯಾವುದೇ ಇರಲಿ, ಶುದ್ಧ ಜಾವಾಸ್ಕ್ರಿಪ್ಟಿನಲ್ಲೂ ಇದೇ ಗುಂಡಿಗೆ ಜನ ಬೀಳುತ್ತಾರೆ. ಒಂದು ಕನ್‌ಸ್ಟ್ರಕ್ಟರ್ ಬರೆದು ಅದರ ಪ್ರೊಟೊಟೈಪಿಗೆ ಹೊಸ ಅರೇಯೊಂದನ್ನು ಕೊಡುವುದು ಹಳೆಯ ರೂಢಿ. ಹಾಗೆ ಹುಟ್ಟಿದ ವಸ್ತುವಿಗೆ ಪಟ್ಟಿ[5] = 1 ಎಂದು ಬರೆಯಿರಿ; ಲೆಂತ್ ಸೊನ್ನೆಯಿಂದ ಅಲುಗುವುದಿಲ್ಲ. ಇಂಡೆಕ್ಸ್ ಬರೆದಾಗ ಲೆಂತ್ ತಾನಾಗಿ ಬೆಳೆಯುವ ಮಂತ್ರ ಅರೇಯಾಗಿ ಹುಟ್ಟಿದ ವಸ್ತುವಿಗೆ ಮಾತ್ರ ಸೇರಿದ್ದು. ಪ್ರೊಟೊಟೈಪ್ ಮೂಲಕ ಮೆಥಡ್‌ಗಳು ಬರುತ್ತವೆ, ಆ ಮಂತ್ರ ಬರುವುದಿಲ್ಲ. ಇ‌ಎಸ್‌ 2015ರ ‘ಕ್ಲಾಸ್ ಎಕ್ಸ್‌ಟೆಂಡ್ಸ್ ಅರೇ’ ಬೇರೆ ಕಥೆ. ಅಲ್ಲಿ ವಸ್ತುವನ್ನು ಹುಟ್ಟಿಸುವುದೇ ಅರೇಯ ಕನ್‌ಸ್ಟ್ರಕ್ಟರ್, ಹಾಗಾಗಿ ಮಂತ್ರವೂ ಸಿಗುತ್ತದೆ. ಆದರೆ ಸಂಖ್ಯೆಗಳು ಸಿ ಬಫರಿನಲ್ಲಿರುವಾಗ ಆ ದಾರಿ ನಮಗಿಲ್ಲ.

ನಮ್ಮ ದಾರಿ ಇದು: ಅರೇ ಪ್ರೊಟೊಟೈಪನ್ನು ತಾಯಿಯಾಗಿಸಿ ಒಂದು ಸಾದಾ ವಸ್ತು ಮಾಡಿ, ಅದರ ಮೇಲೆ ಲೆಂತ್ ಎಂಬ ಗೆಟ್ಟರ್ (ಓದಿದಾಗ ಓಡಿ ಬೆಲೆ ಕೊಡುವ ಫಂಕ್ಷನ್) ಇಟ್ಟು, ಆ ವಸ್ತುವನ್ನು ನಮ್ಮ ಕ್ಲಾಸಿನ ಪ್ರೊಟೊಟೈಪ್ ಎಂದು ನೋಂದಾಯಿಸಬೇಕು. ಸರಪಳಿಯಲ್ಲಿ ನಮ್ಮ ಲೆಂತ್ ಮೊದಲು ಸಿಗುತ್ತದೆ, ಮೋಸದ ಸೊನ್ನೆಯವರೆಗೆ ಯಾರೂ ಹೋಗುವುದಿಲ್ಲ.

ಪ್ರೋಗ್ರಾಂ ಸತ್ತೇ ಹೋದರೆ

ಲೆಂತ್ 3 ಆಯಿತು, ಜಾಯಿನ್ ಸರಿಯಾಯಿತು. ಫಾರ್‌ಈಚ್ ಕರೆದೆ. ಸೆಗ್ಮೆಂಟೇಶನ್ ಫಾಲ್ಟ್. ಮೌನಕ್ಕಿಂತ ಇದು ವಾಸಿ. ಕನಿಷ್ಠ ಎಲ್ಲಿ ಬಿತ್ತು ಎಂದು ಡೀಬಗ್ಗರ್ ಹೇಳುತ್ತದೆ.

ಬಿದ್ದದ್ದು ಡಿಸ್ಕ್ರಿಪ್ಟರ್ ತುಂಬುವ ಮೊದಲ ಸಾಲಿನಲ್ಲಿ. ಓದುವಾಗ ಎಂಜಿನ್ ಡಿಸ್ಕ್ರಿಪ್ಟರ್ ಬೇಕೆಂದು ಅದರ ವಿಳಾಸ ಕೊಡುತ್ತದೆ. ಬರಿಯ ‘ಇದೆಯೇ’ ಎಂದು ಕೇಳುವಾಗ ಅದಕ್ಕೆ ಬೆಲೆ ಬೇಡ. ಆ ಜಾಗದಲ್ಲಿ ನಲ್ ಪಾಯಿಂಟರ್ ಬರುತ್ತದೆ. ನಾನು ನಲ್ ಎಂದು ನೋಡದೆ ಬರೆಯಲು ಹೋಗಿದ್ದೆ. ಇಷ್ಟು ದಿನ ಯಾರೂ ಆ ಪ್ರಶ್ನೆ ಕೇಳಿರಲಿಲ್ಲವಾದ್ದರಿಂದ ತಪ್ಪು ಹೊರಗೆ ಬಂದಿರಲಿಲ್ಲ. ಒಂದು ‘ಇಫ್’ ಸಾಕು.

ಡಿಸ್ಕ್ರಿಪ್ಟರ್ ತುಂಬುವಾಗ ನಾಲ್ಕೂ ಖಾನೆ ತುಂಬಿ: ಫ್ಲ್ಯಾಗ್, ಬೆಲೆ, ಗೆಟ್ಟರ್, ಸೆಟ್ಟರ್. ಕೊನೆಯ ಎರಡು ನಮಗೆ ಬೇಡವೆಂದು ಬಿಟ್ಟರೆ ಅಲ್ಲಿರುವ ಕಸವನ್ನು ಎಂಜಿನ್ ಮುಂದೊಮ್ಮೆ ಬಿಡುಗಡೆ ಮಾಡಲು ಹೋಗುತ್ತದೆ, ಆಗ ಬೀಳುವ ಜಾಗಕ್ಕೂ ತಪ್ಪಿಗೂ ಸಂಬಂಧವೇ ಕಾಣುವುದಿಲ್ಲ. ಎರಡಕ್ಕೂ ಅನ್‌ಡಿಫೈನ್ಡ್ ಬರೆದುಬಿಡಿ.

ಬರೆದದ್ದು ಬಫರಿಗೆ ಮುಟ್ಟುತ್ತಿಲ್ಲ

ಓದು ಸರಿಯಾದ ಮೇಲೆ ಬರುವ ದೂರು ಇದು. ಸ್ಕ್ರಿಪ್ಟಿನಲ್ಲಿ ಅಳತೆ[1] = 99 ಎಂದು ಬರೆದಾಗ ಎಂಜಿನ್ ‘ಡಿಫೈನ್ ಓನ್ ಪ್ರಾಪರ್ಟಿ’ ಎಂಬ ಕೊಕ್ಕೆಯನ್ನು ಹುಡುಕುತ್ತದೆ. ಇಲ್ಲದಿದ್ದರೆ ವಸ್ತುವಿನ ಮೇಲೆಯೇ ‘1’ ಎಂಬ ಸಾಮಾನ್ಯ ಪ್ರಾಪರ್ಟಿ ಹುಟ್ಟಿಸಿ 99 ಅಲ್ಲಿಡುತ್ತದೆ. ಮುಂದೆ ಓದುವಾಗ ಎಂಜಿನ್ ಮೊದಲು ನೋಡುವುದು ಸಾಮಾನ್ಯ ಪ್ರಾಪರ್ಟಿಗಳನ್ನು, ಆಮೇಲೆ ನಮ್ಮ ಕೊಕ್ಕೆಯನ್ನು. ಹಾಗಾಗಿ ಸ್ಕ್ರಿಪ್ಟಿಗೆ 99 ಕಾಣುತ್ತದೆ, ಸಿ ಕಡೆಗೆ 20 ಕಾಣುತ್ತದೆ. ಬಫರ್ ಎಷ್ಟು ಸುತ್ತು ತಿರುಗಿದರೂ ಆ ಒಂದು ಇಂಡೆಕ್ಸ್ ಮಾತ್ರ 99ಕ್ಕೆ ಅಂಟಿಕೊಂಡು ಕೂರುತ್ತದೆ. ಗ್ರಾಫಿನಲ್ಲಿ ಒಂದೇ ಬಿಂದು ಕಲ್ಲಿನಂತೆ ನಿಂತಿದ್ದರೆ ಸೆನ್ಸರ್ ಬಿಚ್ಚುವ ಮೊದಲು ಇದನ್ನು ನೋಡಿ.

ಈ ಕೊಕ್ಕೆ ಬರೆಯುವಾಗ ಇಂಡೆಕ್ಸ್ ಅಲ್ಲದ ಹೆಸರುಗಳನ್ನು ಎಂಜಿನ್ನಿನ ಸಾಮಾನ್ಯ ದಾರಿಗೆ ಹಿಂದಿರುಗಿಸಬೇಕು. ಹಿಂದಿರುಗಿಸುವ ಕರೆಯಲ್ಲಿ ‘ನೋ ಎಕ್ಸಾಟಿಕ್’ ಎಂಬ ಫ್ಲ್ಯಾಗ್ ಸೇರಿಸದಿದ್ದರೆ ಕರೆ ತಿರುಗಿ ನಮ್ಮ ಕೊಕ್ಕೆಗೇ ಬಂದು ಸ್ಟ್ಯಾಕ್ ತುಂಬುವವರೆಗೆ ಗಾಣದೆತ್ತಿನಂತೆ ಸುತ್ತುತ್ತದೆ.

ಪುಶ್ ಬಗ್ಗೆ ಒಂದು ಮಾತು. ಅರೇಯ ಪುಶ್ ಮೊದಲು ಬೆಲೆಯನ್ನು ಕೊನೆಯ ಜಾಗದಲ್ಲಿ ಬರೆಯುತ್ತದೆ, ಆಮೇಲೆ ಲೆಂತ್‌ಗೆ ಹೊಸ ಸಂಖ್ಯೆ ಬರೆಯುತ್ತದೆ. ಲೆಂತ್‌ಗೆ ಗೆಟ್ಟರ್ ಮಾತ್ರ ಇದ್ದರೆ ಎರಡನೆಯ ಹೆಜ್ಜೆಯಲ್ಲಿ ಟೈಪ್ ಎರರ್ ಬರುತ್ತದೆ. ಅಷ್ಟರಲ್ಲಿ ಬೆಲೆ ಬಫರಿಗೆ ಹೋಗಿ ಆಗಿರುತ್ತದೆ! ದೋಷ ಬಂತೆಂದು ಸ್ಕ್ರಿಪ್ಟ್ ಮತ್ತೆ ಪುಶ್ ಮಾಡಿದರೆ ಅದೇ ಅಳತೆ ಎರಡು ಸಲ. ಸುತ್ತು ಬಫರಿನಲ್ಲಿ ಇನ್ನೂ ಒಂದು ತೊಡಕು: ತುಂಬಿದ ಬಫರಿಗೆ ಪುಶ್ ಮಾಡಿದರೆ ಲೆಂತ್ 513 ಆಗಲಿ ಎಂದು ಅರೇಯ ಪುಶ್ ಹೇಳುತ್ತದೆ, ನಮ್ಮಲ್ಲಿ ಇರುವುದೇ 512. ಸೆಟ್ಟರ್ ಬರೆದು ಸುಳ್ಳು ಹೇಳುವುದಕ್ಕಿಂತ ನಮ್ಮ ಪ್ರೊಟೊಟೈಪಿನ ಮೇಲೆ ನಮ್ಮದೇ ಪುಶ್ ಇಡುವುದು ಸರಿ. ಸ್ಪ್ಲೈಸ್, ಶಿಫ್ಟ್, ಅನ್‌ಶಿಫ್ಟ್‌ಗಳನ್ನು ನಾನು ‘ಇಲ್ಲಿ ನಡೆಯದು’ ಎಂಬ ಎರರ್ ಎಸೆಯುವ ಫಂಕ್ಷನ್‌ಗಳಿಂದ ಮುಚ್ಚಿದೆ. ಉದಾರವಾಗಿ ಆನುವಂಶಿಕವಾಗಿ ಬಂದದ್ದನ್ನೆಲ್ಲ ಬಳಸಲೇಬೇಕೆಂದಿಲ್ಲ.

ಒಂದು ಸ್ಕ್ರಿಪ್ಟಿನಲ್ಲಿ ಸರಿ, ಇನ್ನೊಂದರಲ್ಲಿ ಅನಾಥ

ಎರಡನೆಯ ಸ್ಕ್ರಿಪ್ಟಿಗಾಗಿ ಹೊಸ ಕಾಂಟೆಕ್ಸ್ಟ್ (ತನ್ನದೇ ಗ್ಲೋಬಲ್ ವಸ್ತುಗಳಿರುವ ಪ್ರತ್ಯೇಕ ಆವರಣ) ತೆರೆದಾಗ ಅದೇ ಕ್ಲಾಸಿನ ವಸ್ತುವಿಗೆ ಪುಶ್ ಇಲ್ಲ, ಟು‌ಸ್ಟ್ರಿಂಗ್ ಕೂಡ ಇಲ್ಲ. ಕ್ಲಾಸಿನ ನೋಂದಣಿ ರನ್‌ಟೈಮಿಗೆ, ಅಂದರೆ ಆ ಕಾಂಟೆಕ್ಸ್ಟುಗಳನ್ನೆಲ್ಲ ಹೊತ್ತ ಎಂಜಿನ್ನಿಗೆ, ಒಂದು ಸಲ. ಆ ಕ್ಲಾಸಿನ ಪ್ರೊಟೊಟೈಪ್ ಮಾತ್ರ ಪ್ರತಿ ಕಾಂಟೆಕ್ಸ್ಟಿಗೂ ಬೇರೆ. ಹೊಸ ಕಾಂಟೆಕ್ಸ್ಟಿನಲ್ಲಿ ಅದನ್ನು ಇಡದಿದ್ದರೆ ಆ ಜಾಗ ನಲ್ ಆಗಿರುತ್ತದೆ, ಅಲ್ಲಿ ಹುಟ್ಟಿದ ವಸ್ತುವಿಗೆ ತಾಯಿಯೇ ಇರುವುದಿಲ್ಲ. ಪ್ರೊಟೊಟೈಪ್ ಕಟ್ಟುವ ಸಾಲುಗಳನ್ನು ಒಂದು ಫಂಕ್ಷನ್ ಮಾಡಿ ಪ್ರತಿ ಕಾಂಟೆಕ್ಸ್ಟ್ ತೆರೆದಾಗಲೂ ಕರೆಯಿರಿ, ಅದೇ ಕಾಂಟೆಕ್ಸ್ಟಿನ ಅರೇ ಪ್ರೊಟೊಟೈಪ್ ಹಿಡಿದು. ಇಲ್ಲವಾದರೆ ಇನ್‌ಸ್ಟನ್ಸ್‌ಆಫ್ ಅರೇ ಎಂದು ಕೇಳಿದಾಗ ಫಾಲ್ಸ್ ಬಂದು ಮತ್ತೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಮಕ್ಕಳ ತಕರಾರು

ನಿಯಮ ಬರೆಯುವವರೊಬ್ಬರು ಆಬ್ಜೆಕ್ಟ್.ಕ್ರಿಯೇಟ್(ಅಳತೆ) ಎಂದು ನಮ್ಮ ವಸ್ತುವನ್ನೇ ಪ್ರೊಟೊಟೈಪ್ ಮಾಡಿಕೊಂಡರು. ಮಗು[0] ಓದಿದರೆ 10 ಬಂತು; ಮಗು.ಲೆಂತ್ ಕೇಳಿದರೆ ಟೈಪ್ ಎರರ್. ಅರ್ಧ ಸರಿ, ಅರ್ಧ ತಪ್ಪು. ಇಂಡೆಕ್ಸ್ ಓದಿನಲ್ಲಿ ಕೊಕ್ಕೆಗೆ ಸಿಗುವುದು ಬಫರ್ ಇರುವ ತಾಯಿ ವಸ್ತು. ಗೆಟ್ಟರಿಗೆ ‘ದಿಸ್’ ಆಗಿ ಸಿಗುವುದು ಮಗು, ಅದರೊಳಗೆ ಬಫರಿನ ಪಾಯಿಂಟರ್ ಇಲ್ಲ. ಕ್ಲಾಸ್ ಎಕ್ಸ್‌ಟೆಂಡ್ಸ್ ಬಳಸಿ ಎಂದು ಹೇಳಿದೆ.

ಅದೂ ಮೊದಲ ಸಲ ನಡೆಯಲಿಲ್ಲ, ತಪ್ಪು ನನ್ನದೇ. ಮಗು ಹುಟ್ಟುತ್ತಿತ್ತು, ಬಫರ್ ಇತ್ತು, ಉಪಕ್ಲಾಸಿನಲ್ಲಿ ಬರೆದ ‘ಸರಾಸರಿ’ ಎಂಬ ಮೆಥಡ್ ಮಾತ್ರ ಕಾಣೆ. ಸಿ ಕನ್‌ಸ್ಟ್ರಕ್ಟರಿನಲ್ಲಿ ನಾನು ಕ್ಲಾಸಿನ ಮಾಮೂಲಿ ಪ್ರೊಟೊಟೈಪ್ ಕೊಟ್ಟು ವಸ್ತು ಮಾಡುತ್ತಿದ್ದೆ. ‘ನ್ಯೂ ಟಾರ್ಗೆಟ್’ ಎಂದು ಬರುವ ಕನ್‌ಸ್ಟ್ರಕ್ಟರಿನಿಂದ ಪ್ರೊಟೊಟೈಪ್ ತೆಗೆದುಕೊಂಡು, ಅದನ್ನು ಕೊಟ್ಟು ವಸ್ತು ಮಾಡಬೇಕು. ಕ್ವಿಕ್‌ಜೆಎಸ್ ಜೊತೆಗೇ ಬರುವ ಪಾಯಿಂಟ್ ಎಂಬ ಉದಾಹರಣೆ ಫೈಲಿನಲ್ಲಿ ಇದೇ ಕ್ರಮವಿದೆ.

ಜೇಸನ್ ಮತ್ತು ಕಾನ್‌ಕ್ಯಾಟ್

ಇವೆರಡನ್ನು ದೋಷ ಎನ್ನಲಾರೆ. ಅರೇ.ಐಸ್‌ಅರೇ ಪ್ರೊಟೊಟೈಪ್ ನೋಡುವುದಿಲ್ಲ, ವಸ್ತುವಿನ ಹುಟ್ಟು ನೋಡುತ್ತದೆ. ನಮ್ಮದಕ್ಕೆ ಅದು ಎಂದಿಗೂ ಟ್ರೂ ಎನ್ನದು. ವಸ್ತುವನ್ನು ಪಠ್ಯವಾಗಿಸುವ ಜೇಸನ್.ಸ್ಟ್ರಿಂಗಿಫೈ ಅದನ್ನೇ ನಂಬುವುದರಿಂದ ಚೌಕ ಆವರಣದ ಪಟ್ಟಿಯ ಬದಲು ‘0’, ‘1’, ‘2’ ಎಂಬ ಕೀಗಳ ವಸ್ತು ಬರೆಯುತ್ತದೆ. ಹೆಸರುಗಳ ಪಟ್ಟಿ ಕೊಡುವ ಕೊಕ್ಕೆ ಇಲ್ಲದಿದ್ದರೆ ಖಾಲಿ ಪುಷ್ಪಾವರಣ. ಪ್ರೊಟೊಟೈಪಿನ ಮೇಲೆ ಟು‌ಜೇಸನ್ ಎಂಬ ಮೆಥಡ್ ಇಟ್ಟು ಸ್ಲೈಸ್ ಮಾಡಿದ ಪ್ರತಿಯನ್ನು ಕೊಡಿ. ನಮ್ಮ ವಸ್ತು ಅರೇ ಅಲ್ಲವಾದ್ದರಿಂದ ಸ್ಲೈಸ್ ಸಾದಾ ಅರೇಯನ್ನೇ ಕೊಡುತ್ತದೆ. ಕಾನ್‌ಕ್ಯಾಟ್ ಬಿಡಿಸಿ ಜೋಡಿಸಬೇಕೆಂದರೆ ‘ಐಸ್ ಕಾನ್‌ಕ್ಯಾಟ್ ಸ್ಪ್ರೆಡಬಲ್’ ಎಂಬ ಸಿಂಬಲ್ಲಿಗೆ ಟ್ರೂ ಬರೆಯಿರಿ.

ಬೇರೆ ಎಂಜಿನ್ ಬಳಸುವವರಿಗೂ ಆರು ಪ್ರಶ್ನೆಗಳ ಪಟ್ಟಿ ಹಾಗೆಯೇ ನಡೆಯುತ್ತದೆ. ಡಕ್‌ಟೇಪಿನಲ್ಲಿ ಖಾಲಿ ವಸ್ತುವಿನ ಮೇಲೆ ಪ್ರಾಕ್ಸಿ (ಓದು, ಬರಹಗಳನ್ನು ನಡುವೆ ತಡೆಯುವ ಹೊದಿಕೆ) ಹಾಕಿ ಗೆಟ್ ಟ್ರ್ಯಾಪ್ ಎಂಬ ಅದರ ಕೊಕ್ಕೆ ಮಾತ್ರ ಬರೆದರೆ ಇದೇ ಮೌನ. ಹ್ಯಾಸ್ ಟ್ರ್ಯಾಪ್ ಬೇಕು. ಜಾವಾದ ರೈನೋದಲ್ಲಿ ಗೆಟ್, ಹ್ಯಾಸ್, ಪುಟ್‌ಗಳಿಗೆ ಹೆಸರಿನದೊಂದು, ಇಂಡೆಕ್ಸಿನದೊಂದು ಎಂದು ಎರಡೆರಡು ರೂಪಗಳಿವೆ. ಹ್ಯಾಸ್‌ನ ಹೆಸರಿನ ರೂಪ ಬರೆದು ಇಂಡೆಕ್ಸಿನ ರೂಪ ಮರೆಯುವುದು ಅಲ್ಲಿನ ಮಾಮೂಲಿ ತಪ್ಪು.

ಎಲ್ಲ ಸರಿಹೋದ ಮೇಲೆ ನನ್ನ ಪ್ರೋಗ್ರಾಂ ಮುಚ್ಚುವಾಗ ರನ್‌ಟೈಮ್ ಬಿಡುಗಡೆಯ ಸಾಲಿನಲ್ಲಿ ಅಸರ್ಶನ್ ಬಿತ್ತು: ಕಸ ಸಂಗ್ರಹದ ಪಟ್ಟಿ ಖಾಲಿಯಾಗಿಲ್ಲ. ಯಾವುದೋ ವಸ್ತುವಿನ ಹಿಡಿತ ಬಿಟ್ಟಿಲ್ಲ ಎಂದರ್ಥ. ಪ್ರೊಟೊಟೈಪ್ ಕಟ್ಟುವಾಗ ಗ್ಲೋಬಲ್, ಅರೇ, ಅರೇ ಪ್ರೊಟೊಟೈಪ್ ಎಂದು ಮೂರು ಬೆಲೆಗಳನ್ನು ಕೈಗೆ ತೆಗೆದುಕೊಂಡಿದ್ದೆ, ಮೂರನ್ನೂ ಬಿಡಬೇಕು. ನಾನು ಎರಡು ಬಿಟ್ಟಿದ್ದೆ. ಹೊಸದಾಗಿ ಕಟ್ಟಿದ ಪ್ರೊಟೊಟೈಪನ್ನು ಮಾತ್ರ ಬಿಡಬಾರದು, ಏಕೆಂದರೆ ನೋಂದಾಯಿಸುವ ಫಂಕ್ಷನ್ ಅದರ ಒಡೆತನ ತೆಗೆದುಕೊಂಡಿರುತ್ತದೆ. ಗಾಬರಿಯಲ್ಲಿ ಅದನ್ನೂ ಬಿಟ್ಟು ಇನ್ನರ್ಧ ಗಂಟೆ ಹಾಳುಮಾಡಿಕೊಂಡೆ.